ಜಳಕದ ನೀರಿನ ಮಡಿಗಳು

ಜಳಕದ ನೀರಿಗೂ ಒಂದು ವಿಳಾಸವಿದ್ದ ಕಾಲ ಅದು. ಮೈಮೇಲೆ ಸುರಿದುಕೊಂಡ ನೀರು ತೂತಿನಲ್ಲಿ ಇಳಿದು ಕಣ್ಮರೆಯಾಗುತ್ತಿರಲಿಲ್ಲ. ಕಾಲುವೆ ಹಿಡಿದು ಹೋಗಿ ಒಂದು ಗಿಡದ ಬುಡ ಸೇರುತ್ತಿತ್ತು. ಅದು ಯಾರ ನೀರು, ಯಾರ ಗಿಡ ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ಬಚ್ಚಲ ನೀರಿಗೆ ಕರಿಬೇವನ್ನೋ ಬಾಳೆಯನ್ನೋ ಹಚ್ಚಿದ ಮನೆಗಳಲ್ಲಿ ಬೆಳೆದವರಿಗೆ ನಾನು ಹೇಳುವುದು ತಿಳಿಯುತ್ತದೆ. ನಾನು ನೋಡಿದ್ದು ಮಾತ್ರ ಒಂದೆರಡು ಗಿಡವಲ್ಲ, ಹನ್ನೊಂದು ಮಡಿಗಳ ಒಂದು ತೋಟ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನನಗೆ ಹತ್ತು ವರ್ಷ. ಅಪ್ಪ ತೀರಿಕೊಂಡ ಮೇಲೆ ಅವ್ವ ಮಾನವಿಯ ಹೊರಗಿದ್ದ ಒಂದು ಆಶ್ರಮಕ್ಕೆ ಅಡುಗೆ ಮಾಡಲು ಸೇರಿದಳು. ದಿಕ್ಕಿಲ್ಲದ ಮುದುಕಿಯರಿಗಾಗಿ ಧರ್ಮವಂತರೊಬ್ಬರು ಬಿಟ್ಟುಕೊಟ್ಟ ಹಳೆಯ ಮನೆ ಅದು. ಹನ್ನೊಂದು ಜನ ಇದ್ದರು. ಅವರನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ವಯಸ್ಸಾದ ಅಯ್ಯನವರು. ಬೆಳಿಗ್ಗೆ ಪೂಜೆ, ಆಮೇಲೆ ಊರಲ್ಲಿ ಜೋಳ, ಬೇಳೆ ಕೇಳಿ ತರುವುದು ಅವರ ಕೆಲಸ. ನಮಗೆ ಅಡುಗೆಮನೆಯ ಪಕ್ಕದ ಕೋಣೆ ಕೊಟ್ಟಿದ್ದರು. ಮಳೆ ಬಂದರೆ ಒಂದು ಮೂಲೆ ಮಾತ್ರ ಸೋರುತ್ತಿತ್ತು. ಇನ್ನು ಮೂರು ಮೂಲೆ ಸೋರುವುದಿಲ್ಲವಲ್ಲ ಎಂದು ಅವ್ವ ದೇವರಿಗೆ ಕೈಮುಗಿಯುತ್ತಿದ್ದಳು.

ಬಾವಿಯ ನೀರು ಸಿಹಿ, ಆದರೆ ಕಡಿಮೆ. ಒಬ್ಬೊಬ್ಬರಿಗೆ ಜಳಕಕ್ಕೆ ದಿನಕ್ಕೆ ಎರಡು ಕೊಡ, ಅಷ್ಟೇ. ತೋಟಕ್ಕೆಂದು ಬೇರೆ ನೀರು ಎಲ್ಲಿಂದ ತರುವುದು? ಅಯ್ಯನವರು ಒಂದು ಉಪಾಯ ಮಾಡಿದ್ದರು. ಹಿತ್ತಲಲ್ಲಿ ಹತ್ತಿಕಟ್ಟಿಗೆಯ ತಟ್ಟಿ ಕಟ್ಟಿ, ಹನ್ನೊಂದು ಪುಟ್ಟ ಬಚ್ಚಲು ಮಾಡಿಸಿ, ಒಂದೊಂದಕ್ಕೂ ಒಂದೊಂದು ಫರಸಿ ಕಲ್ಲು ಹಾಕಿಸಿದ್ದರು. ಕಲ್ಲಿನ ಕೆಳಗಿನಿಂದ ಗೇಣಗಲದ ಕಾಲುವೆ ಹೊರಟು ಎದುರಿನ ಮಡಿಗೆ ಹೋಗುತ್ತಿತ್ತು. ಯಾರ ಕಲ್ಲೋ ಅವರ ಮಡಿ. ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆಪುಡಿ. ಬೆಳಗಿನ ಹೊತ್ತು ತೋಟಕ್ಕೆ ಹೋದರೆ ಸೀಗೆ, ಹಸಿಮಣ್ಣು, ಮೆಂತೆಸೊಪ್ಪು ಮೂರೂ ಬೆರೆತ ವಾಸನೆ. ಇವತ್ತಿಗೂ ಮೆಂತೆ ಬಿಡಿಸುವಾಗ ನನಗೆ ಸೀಗೆಯ ವಾಸನೆ ಬಂದಂತಾಗುತ್ತದೆ.

ಎಳ್ಳು ಅಮಾವಾಸ್ಯೆಯ ದಿನ ಹನ್ನೊಂದೂ ಮಡಿಯಿಂದ ಒಂದೊಂದು ಕಾಯಿಯೋ ಸೊಪ್ಪೋ ಬಂದು ದೊಡ್ಡ ಪಾತೇಲಿಯಲ್ಲಿ ಒಟ್ಟಿಗೆ ಬೆಂದು ಬಜ್ಜಿ ಪಲ್ಯವಾಗಬೇಕು. ಆಮೇಲೆ ಅದನ್ನು ಬುಟ್ಟಿಯಲ್ಲಿ ಇಟ್ಟುಕೊಂಡು ಒಬ್ಬರು ತೋಟದ ಸುತ್ತ ಚರಗ ಚೆಲ್ಲಬೇಕು, ಅಂದರೆ ಭೂಮಿತಾಯಿಗೆ ಉಣಿಸಬೇಕು. ಇದು ಅಲ್ಲಿನ ಪದ್ಧತಿ. ಚರಗ ಚೆಲ್ಲುವ ಮಾನ ಪ್ರತಿವರ್ಷ ಚನ್ನಬಸಮ್ಮನವರದು.

ಚನ್ನಬಸಮ್ಮ ರಾಯಚೂರಿನ ಅಕ್ಕಿ ಗಿರಣಿಯವರ ಮನೆತನದವರು. ಗಿರಣಿ ಹೋಗಿತ್ತು, ಮನೆಯೂ ಹೋಗಿತ್ತು, ದನಿ ಮಾತ್ರ ಗಿರಣಿಯದೇ ಉಳಿದಿತ್ತು. "ನಾಕು ಹಡದಾಕಿ ನಾನು. ಹಡದ ಕೈಲೆ ಚೆಲ್ಲಿದ್ರನ ಭೂಮಿ ಉಣ್ತದ" ಎನ್ನುತ್ತಿದ್ದರು. ಮೊಣಕಾಲು ಹಿಡಿದು ಕೋಲಿನ ಮೇಲೆ ನಡೆಯುತ್ತಿದ್ದರೂ ಅವರ ಮಡಿಯ ಬದನೆಕಾಯಿ ನೋಡಲು ಊರವರೂ ಬರುತ್ತಿದ್ದರು.

ಅವರ ಪಕ್ಕದ್ದೇ ಕೊನೆಯ ಕಲ್ಲು. ಅದು ಹುಲಿಗೆವ್ವನದು. ನಾನು ಅವಳನ್ನು ಆಯಿ ಎನ್ನುತ್ತಿದ್ದೆ. ದೇವದುರ್ಗದ ಕಡೆಯ ಹಳ್ಳಿಯವಳು. ಹನ್ನೆರಡು ವರ್ಷ ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದು ಇವಳನ್ನು ಹೊರಗೆ ಹಾಕಿದ್ದ. ಅವಳ ಮಡಿಯಲ್ಲಿ ಏನೂ ಬೆಳೆಯುತ್ತಿರಲಿಲ್ಲ. ಬೀಜ ಮೊಳೆಯುತ್ತಿತ್ತು, ಎರಡು ಎಲೆ ಬರುತ್ತಿತ್ತು, ಎಲೆಯ ಅಂಚು ಸುಟ್ಟಂತಾಗಿ ಕುಗ್ಗಿ ಹೋಗುತ್ತಿತ್ತು. ಎರಡು ವರ್ಷದ ಎಳ್ಳು ಅಮಾವಾಸ್ಯೆಗೂ ಅವಳು ಪಾತೇಲಿಗೆ ಒಂದು ಚಿಟಿಕೆ ಉಪ್ಪು ಹಾಕಿ ಸರಿದು ನಿಂತಿದ್ದಳು.

"ಉಪ್ಪು ಹಾಕಿದ್ಯಲ್ಲಬೇ, ಆತು ತಗೋ. ಅದ ನಿನ್ನ ಬೆಳಿ" ಎಂದು ಚನ್ನಬಸಮ್ಮ ಎಲ್ಲರೆದುರು ನಕ್ಕಿದ್ದರು. "ಬರಡ ಕೈಯಾಗ ಮಣ್ಣೂ ಬರಡ ಆಗ್ತದ."

ಹುಲಿಗೆವ್ವ ತಿರುಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ನನ್ನನ್ನು ಹತ್ತಿರ ಕೂಡಿಸಿಕೊಂಡು ಬೆರಳಿನ ಗೆರೆಗಳ ಮೇಲೆ ಎಣಿಸುವುದನ್ನು ಕಲಿಸುತ್ತಿದ್ದಳು. "ಇವತ್ತ ದೇವ್ರು ಏನೇನ್ ಕೊಟ್ಟ, ಎಣಸು ಪಾರಿ."

"ಬಿಸಿ ರೊಟ್ಟಿ. ಕೆನಿ ಮೊಸರು. ಮಾಸ್ತರ ಹೊಡೀಲಿಲ್ಲ."

"ಮೂರಾತು. ಇನ್ನೆರಡು?"

"ನೀ ಹೇಳು ಆಯಿ."

"ನನ್ನ ಮಡಿ ಒಣಗ್ಯದ ಖರೆ. ಉಳದ ಹತ್ತು ಹಸರ ಅದಾವಲ್ಲ, ಅದು ನಾಕು. ಐದನೇದ್ದು ನೀನು."

ಆ ವರ್ಷ ದಸರೆ ಮುಗಿದ ಮೇಲೆ ಬಿತ್ತನೆಯ ದಿನ ಅಯ್ಯನವರು ಹುಲಿಗೆವ್ವನ ಮಡಿಯ ಮುಂದೆ ನಿಂತರು. ಕೆಟ್ಟ ಮನುಷ್ಯರಲ್ಲ. ಮುಖ ಸಣ್ಣದು ಮಾಡಿಕೊಂಡೇ ಹೇಳಿದರು: "ನೋಡಬೇ ತಂಗಿ, ಈ ಸಲ ಅಮಾಸಿಗಿ ನಿನ್ನ ಮಡಿಯಾಗ ಏನೂ ಬರಲಿಲ್ಲಂದ್ರ ಈ ಮೂಲಿ ಬಿಡು. ದನದ ಕೊಟ್ಟಗಿ ಮಾಡಸ್ತೀನಿ. ನೀ ಜಳಕಾ ಬಾವಿ ಕಡೆ ಮಾಡೀಯಂತ."

ಹುಲಿಗೆವ್ವನ ಮುಖ ಬಿಳಿಚಿಕೊಂಡಿತು. ಮಡಿ ಹೋಗುವುದಕ್ಕೆ ಇಷ್ಟು ಹೆದರುವುದೇಕೆ? ಅದು ಇದ್ದೂ ಇಲ್ಲದ ಮಡಿಯಲ್ಲವೇ? ನನಗೆ ತಿಳಿಯಲಿಲ್ಲ. ತಿಳಿಯದ್ದನ್ನು ಬಿಟ್ಟುಬಿಡುವ ಹುಡುಗಿಯೂ ನಾನಲ್ಲ.

ಮೊದಲು ಬೀಜದ ಮೇಲೆ ಅನುಮಾನ. ಒಂದೇ ಪೊಟ್ಟಣದ ಮೆಂತೆಯನ್ನು ಅರ್ಧ ಚನ್ನಬಸಮ್ಮನವರ ಮಡಿಯ ಅಂಚಿಗೆ, ಅರ್ಧ ಆಯಿಯ ಮಡಿಗೆ ಹಾಕಿದೆ. ಅಲ್ಲಿ ಹಸಿರು ನಿಂತಿತು, ಇಲ್ಲಿ ಎಂಟನೇ ದಿನಕ್ಕೆ ಸುಟ್ಟಿತು. ಆಮೇಲೆ ಬಿಸಿಲಿನ ಮೇಲೆ ಅನುಮಾನ. ಹರಿದ ಚಾಪೆ ಹಿಡಿದು ನೆರಳು ಮಾಡಿದೆ. ಇರುವೆ ಇರಬಹುದೆಂದು ಮಣ್ಣು ಕೆದರಿ ಹೊಟ್ಟೆಯ ಮೇಲೆ ಮಲಗಿ ನೋಡಿದೆ. ದೃಷ್ಟಿ ಇರಬಹುದೆಂದು ಅವ್ವ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಎಲ್ಲರೂ ಕೆಮ್ಮಿದೆವು, ಗಿಡ ಬದಲಾಗಲಿಲ್ಲ. ಒಂದು ಸಂಗತಿ ಮಾತ್ರ ಕಣ್ಣಿಗೆ ಬಿತ್ತು. ಒಣಗಿದಾಗ ಆಯಿಯ ಮಡಿಯ ಮೇಲೆ ಬೂದಿ ಚೆಲ್ಲಿದಂತೆ ಬೆಳ್ಳಗಿನ ಪೊರೆ ಕಟ್ಟುತ್ತಿತ್ತು. ಬೇರೆ ಯಾವ ಮಡಿಯಲ್ಲೂ ಅದಿರಲಿಲ್ಲ.

ಮಣ್ಣು ಒಂದೇ, ಬೀಜ ಒಂದೇ, ಬಿಸಿಲು ಒಂದೇ. ಉಳಿದದ್ದು ನೀರು. ಹಾಗಾದರೆ ಆಯಿ ಜಳಕ ಮಾಡುವುದನ್ನೇ ನೋಡಬೇಕು ಎಂದುಕೊಂಡೆ. ಅವಳು ಎಲ್ಲರಿಗಿಂತ ಮೊದಲು, ಕೋಳಿ ಕೂಗುವ ಹೊತ್ತಿಗೇ ಏಳುತ್ತಿದ್ದಳು. ಒಂದು ದಿನ ನಾನೂ ಎದ್ದು ತಟ್ಟಿಯ ಸಂದಿಗೆ ಕಣ್ಣಿಟ್ಟೆ.

ಆಯಿ ಜಳಕ ಮಾಡುತ್ತಿರಲಿಲ್ಲ. ಕಲ್ಲಿನ ಮೇಲೆ ಕೂತು ಬಟ್ಟೆ ಒಗೆಯುತ್ತಿದ್ದಳು. ಬಡಿದರೆ ಸದ್ದಾಗುತ್ತದೆಂದು ಬಡಿಯದೆ, ಒಗೆಯುವ ಸೋಡಾ ಹಾಕಿ ಹಿಚುಕಿ ಹಿಚುಕಿ ತೆಗೆಯುತ್ತಿದ್ದಳು. ಹಾಸಿಕೊಳ್ಳುವ ಕೌದಿಯ ಒಂದು ತುಂಡು, ಒಂದು ಸೀರೆ. ಸೀರೆಯ ಕೆಂಪು ದಡಿ ನೋಡಿದ ಕೂಡಲೇ ಗುರುತು ಹತ್ತಿತು. ಅದು ಚನ್ನಬಸಮ್ಮನವರದು. ಗಾಳಿ ಇತ್ತ ಬೀಸಿದಾಗ ಬಂದ ವಾಸನೆಯೂ ಗೊತ್ತಾಯಿತು. ಅಷ್ಟು ದೊಡ್ಡವರು ರಾತ್ರಿ ತಡೆಯಲಾರದೆ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದರು.

ಎಲ್ಲರ ಬಟ್ಟೆಯೂ ಬಾವಿಯ ಕಟ್ಟೆಯ ಹತ್ತಿರ ಹಗಲಲ್ಲೇ ಒಗೆಯುವುದು ವಾಡಿಕೆ. ಇದನ್ನು ಅಲ್ಲಿ ಒಗೆಯುವಂತಿರಲಿಲ್ಲ.

ನನ್ನ ಉಸಿರು ಕೇಳಿ ಆಯಿ ತಿರುಗಿದಳು. "ಯಾರದು? ಪಾರಿ?"

"ಆಯಿ, ಇದು ಅಮ್ಮಾರ ಸೀರಿ."

"ಹೌದು. ಬಾಯಿ ಮುಚ್ಚು."

"ಅವ್ರಿಗಿ ಗೊತ್ತದೇನು?"

"ಮಲಗಿರ್ತಾರ. ನಾ ಎಳಕೊಂಡು ಬರ್ತೀನಿ, ಒಣಗಿದ್ದು ಹಾಸಿ ಬರ್ತೀನಿ. ನೀ ಯಾರ ಮುಂದ ಹೇಳಿದ್ರೂ ನನ್ನ ಆಣಿ. ಅವ್ವನ ಮುಂದೂ ಬ್ಯಾಡ. ಆಕಿ ಮಾತಿನ ಮ್ಯಾಲ ಬದುಕ್ಯಾಳ ಪಾರಿ. ಇದು ತಿಳದ್ರ ಆಕಿ ತಲಿ ಎತ್ತಂಗಿಲ್ಲ."

ನಾನು ಆಯಿಯ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಮಡಿ ಹೋದರೆ ಈ ಮೂಲೆಯ ಕಲ್ಲೂ ಹೋಗುತ್ತದೆ, ಕಲ್ಲು ಹೋದರೆ ಈ ಗುಟ್ಟು ಬಾವಿಕಟ್ಟೆಗೆ ಬರುತ್ತದೆ. ಅವಳ ಮುಖ ಬಿಳಿಚಿದ್ದು ಯಾಕೆಂದು ಆಗ ತಿಳಿಯಿತು. ಗಿಡ ಯಾಕೆ ಸಾಯುತ್ತದೆಂಬುದು ಮಾತ್ರ ಇನ್ನೂ ತಿಳಿದಿರಲಿಲ್ಲ.

ಅದನ್ನು ತಿಳಿಸಿದವನು ಮೌಲಾಸಾಬ. ಸೈಕಲ್ಲಿನ ಮೇಲೆ ಬೀಜ, ಸಸಿ ಮಾರಿಕೊಂಡು ಬರುತ್ತಿದ್ದ ಮುದುಕ. ಮೊದಲು ಗೂಗಲ್ ಎಂಬ ಊರಿನ ಕಡೆ ಹೊಳೆಯ ದಂಡೆಯ ಮೇಲೆ ತರಕಾರಿ ಬೆಳೆಯುತ್ತಿದ್ದವನು. ಆಶ್ರಮಕ್ಕೆ ಬಂದರೆ ಸಸಿಗೆ ಏನನ್ನೂ ಕೇಳುತ್ತಿರಲಿಲ್ಲ; ಅವ್ವ ಕೊಟ್ಟ ಮಜ್ಜಿಗೆ ಕುಡಿದು "ಅಲ್ಲಾ ನಿಮ್ಮನ್ನ ಚಲೋ ಇಡಲಿ" ಎಂದು ಹೋಗುತ್ತಿದ್ದ.

"ಚಾಚಾ, ಈ ಮಡಿಯಾಗ ಯಾಕ ಏನೂ ಬರಂಗಿಲ್ಲ?" ಎಂದು ಅವನನ್ನು ಎಳೆದುಕೊಂಡು ಹೋದೆ.

ಅವನು ಕುಕ್ಕರಗಾಲಲ್ಲಿ ಕೂತು ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲಿಟ್ಟುಕೊಂಡ. ನಾನು ಬಾಯಿ ತೆರೆದು ನೋಡುತ್ತಿದ್ದೆ. ಅವನು ಕಣ್ಣು ಮುಚ್ಚಿ, ಚಪ್ಪರಿಸಿ, ಪಕ್ಕಕ್ಕೆ ಉಗುಳಿದ. ಆಮೇಲೆ ಚನ್ನಬಸಮ್ಮನವರ ಮಡಿಯದ್ದನ್ನೂ ಹಾಗೇ ನೋಡಿದ.

"ಇದು ಮಣ್ಣಿನ ರುಚಿ ಬೇಟಿ. ಅದು ಸೋಡಾದ ರುಚಿ. ಯಾರೋ ಅಲ್ಲಿ ದಿನಾ ಬಟ್ಟಿ ಒಗಿಯಾಕತ್ತಾರ."

ನಾನು ನೆಲ ನೋಡಿದೆ. ಅವನು ನನ್ನ ಮುಖ ನೋಡಿದ.

"ಮಣ್ಣು ಸತ್ತಿಲ್ಲ. ನೀರಡಿಕಿ ಆಗ್ಯದ, ಅಷ್ಟ. ಒಗ್ಯಾಣದ ನೀರಿಗಿ ಬ್ಯಾರೆ ದಾರಿ ಮಾಡು. ಬೇಲಿಯಾಗ ಬಳ್ಳಾರಿ ಜಾಲಿ ಅದಲ್ಲ, ಅದಕ್ಕ ಬಿಡು. ಆ ಶೈತಾನಕ್ಕ ಏನು ಕುಡಸಿದ್ರೂ ನಡೀತದ. ಇಲ್ಲಿಗಿ ಕುರಿ ಗೊಬ್ಬರ ಹಾಕಿ, ಸೀ ನೀರು ಇಬ್ಬರದಷ್ಟು ಬಿಡು. ಉಪ್ಪು ಕೆಳಗ ಇಳೀತದ. ಆಮ್ಯಾಲ ಈ ಪಾಲಕ ಹಾಕು. ಸ್ವಲ್ಪ ಉಪ್ಪು ಇದ್ರ ಅದಕ್ಕ ಸೇರ್ತದ." ಒಂದು ಪುಡಿಕೆ ಬೀಜ ನನ್ನ ಅಂಗೈಯಲ್ಲಿಟ್ಟು ಹೋದ.

ಓಡಿ ಹೋಗಿ ಆಯಿಗೆ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ಹಾಗೇ ನಿಂತಿತು.

"ಏನಂದ?"

"ಸೋಡಾ ಆಯಿ. ಸೋಡಾದಿಂದ ಸಾಯಾಕತ್ತಾವ. ನಿನ್ನ ಕೈಲಿಂದ ಅಲ್ಲ."

ಅವಳು ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. ಸೋಡಾ ತಿಂದು ಬಿರುಕು ಬಿಟ್ಟ ಕೈಗಳು. "ಹಂಗಾದ್ರ ನನ್ನ ಕೈ ಅಲ್ಲಾ ಅದು" ಎಂದಳು, ಯಾರಿಗೋ ಹೇಳಿದ ಹಾಗೆ. ಮತ್ತೆ ಮೊರ ಎತ್ತಿಕೊಂಡು, "ಹೇಳಬ್ಯಾಡ ಯಾರಿಗೂ. ಬರಡ ಕೈ ಅಂದ್ರ ಅನ್ನಲಿ. ನನಗ ತಿಳೀತಲ್ಲ, ಸಾಕು" ಎಂದಳು.

ಅವಳಿಗೆ ಸಾಕಾಗಿತ್ತು, ನನಗೆ ಸಾಕಾಗಲಿಲ್ಲ. ಎರಡು ದಿನ ಸಲಿಕೆ ಹಿಡಿದು ಆಯಿಯ ಕಲ್ಲಿನಿಂದ ಬೇಲಿಯವರೆಗೆ ಇನ್ನೊಂದು ಕಾಲುವೆ ತೋಡಿದೆ. ಯಾಕೆ ಎಂದು ಅಯ್ಯನವರು ಕೇಳಿದಾಗ "ಆಟ" ಎಂದೆ. ಬೆಳಗಿನ ಸೋಡಾ ನೀರು ಜಾಲಿಗೆ ಹೋಗತೊಡಗಿತು. ಆದರೆ ಒಗೆಯುವುದಕ್ಕೇ ಆಯಿಯ ಒಂದೂವರೆ ಕೊಡ ಮುಗಿಯುತ್ತಿತ್ತು. ಉಳಿದ ಅರ್ಧ ಕೊಡದಲ್ಲಿ ಅವಳು ಮೈ ತೊಳೆದುಕೊಂಡರೆ ಮಡಿಯ ಬಾಯಿಯೂ ಒದ್ದೆಯಾಗುತ್ತಿರಲಿಲ್ಲ. ನನ್ನ ಒಂದು ಕೊಡ ಹಾಕಿದೆ, ಮಣ್ಣು ಅದನ್ನು ಗುಟುಕರಿಸಿ ಬಾಯಿ ತೆರೆದೇ ಇತ್ತು. ಇಬ್ಬರದಷ್ಟು ಬೇಕು ಎಂದಿದ್ದ ಮೌಲಾಸಾಬ.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಸಾಲಾಗಿ ಕೂತಾಗ ಎದ್ದು ನಿಂತು ಕೇಳಿಯೇಬಿಟ್ಟೆ. "ಹುಲಿಗೆವ್ವಾಯಿ ಮಡಿಗಿ ಯಾರರ ತಮ್ಮ ಜಳಕದ ನೀರು ಬಿಡ್ರಿ. ಅಮಾಸಿ ತನಕ ಸಾಕು."

"ಯಾಕಬೇ? ಆಕಿ ನೀರಿಗಿ ಏನಾಗ್ಯದ?" ಎಂದರು ಯಾರೋ.

ನನಗೆ ಉತ್ತರ ಗೊತ್ತಿತ್ತು, ಹೇಳುವಂತಿರಲಿಲ್ಲ. ಆಯಿ ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ಸುಡುಗಾಡ ಮಣ್ಣಿಗಿ ನಮ್ಮ ಗಿಡದ ಬಾಯಾಂದು ಕಸಿದು ಹಾಕೂಣೇನು?" ಎಂದು ಇನ್ನೊಬ್ಬರು ನಕ್ಕರು. ನಾನು ಚನ್ನಬಸಮ್ಮನವರ ಮುಖ ನೋಡಿದೆ. ಅವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದ್ದರು. ಅವರು ಕೂಡ ನನ್ನನ್ನೇ ನೋಡುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಹಿಂಡಿ ಚಟ್ನಿ ಖಾರವಾಗಿದೆ ಎಂದು ಅವ್ವನ ಮೇಲೆ ಹರಿಹಾಯ್ದು ಎದ್ದು ಹೋದರು. ನಾನು ಅಡುಗೆಮನೆಯ ಕಟ್ಟಿಗೆ ರಾಶಿಯ ಹಿಂದೆ ಕೂತು ಅತ್ತೆ.

ಮಾರನೆಯ ಬೆಳಿಗ್ಗೆ ಅವರ ಬಚ್ಚಲಿನಿಂದ ಕೂಗು ಬಂತು. "ಏ ಹುಡುಗಿ. ಸಲಿಕಿ ತಗೊಂಡು ಬಾ."

ಹೋದೆ. ಕೋಲಿನ ತುದಿಯಿಂದ ತಮ್ಮ ಕಾಲುವೆ ತೋರಿಸಿದರು. "ಇದರ ಬಾಯಿ ಮುಚ್ಚು. ಆಕಿ ಮಡಿ ಕಡೆ ತಿರುವು."

"ನಿಮ್ಮ ಬದನಿಕಾಯಿ ಒಣಗ್ತಾವ್ರಿ ಅಮ್ಮಾರ."

"ಒಣಗಲಿ. ಬದನಿಕಾಯಿ ತಿಂದ್ರ ನನಗ ಮೈ ಕೆರೀತದ."

"ಮತ್ತ ಇಷ್ಟು ದಿನಾ ತಿಂದ್ರಲ್ಲರೀ? ಯಾಕ್ರೀ ಈಗ..."

"ಕೇಳಬ್ಯಾಡ. ಊರ ಮಂದಿನ್ನೆಲ್ಲಾ ಕೇಳ್ಕೋತ ತಿರಗತಿ. ಎಲ್ಲಾದಕ್ಕೂ ಉತ್ತರ ಇರ್ತದೇನು? ತೋಡು."

ತೋಡಿದೆ. ಅವರು ಎರಡು ಕೊಡ ನೀರನ್ನು ನಿಧಾನವಾಗಿ, ಒಂದು ಹನಿಯೂ ಆಚೆ ಸಿಡಿಯದಂತೆ ಮೈಮೇಲೆ ಬಿಟ್ಟುಕೊಂಡರು. ಪಕ್ಕದ ತಟ್ಟಿಯಾಚೆ ಆಯಿ ಇದ್ದಳು. ಸೀಗೆಯ ನೊರೆ ಹೊತ್ತ ನೀರು ಆಯಿಯ ಮಡಿಗೆ ನುಗ್ಗಿತು. ಬಿಳಿಯ ಪೊರೆ ಕರಗಿ ಮಣ್ಣು ಕಪ್ಪಾಗುವುದನ್ನು ನಾನು ಕೂತು ನೋಡಿದೆ.

ಹತ್ತು ಹನ್ನೆರಡು ದಿನ ಬಿಟ್ಟು ಪಾಲಕ ಹಾಕಿದೆವು. ಮೊಳೆಯಿತು. ನಾನು ಶಾಲೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಎಲೆಗಳ ಅಂಚು ನೋಡುತ್ತಿದ್ದೆ. ಎಂಟನೇ ದಿನ ಹುಲಿಗೆವ್ವ ತೋಟಕ್ಕೇ ಬರಲಿಲ್ಲ. "ನೀ ನೋಡಿ ಬಾ" ಎಂದಳು. ಹೋಗಿ ಬಂದು "ಹಸರ ಅದ ಆಯಿ" ಎಂದೆ. ಅವಳು ದೇವರ ಗೂಡಿನ ಕಡೆ ತಿರುಗಿ ಕೂತಳು.

ಅತ್ತ ಚನ್ನಬಸಮ್ಮನವರ ಬದನೆಗಿಡಗಳು ಬಾಡಿ ಎಲೆ ಮುದುಡಿಕೊಂಡವು. ಯಾಕಮ್ಮಾ ಹೀಗಾಯಿತು ಎಂದು ಕೇಳಿದವರಿಗೆಲ್ಲ "ಹುಳಾ ಬಿದ್ದಾವ" ಎಂದು ಗದರಿಸುತ್ತಿದ್ದರು.

ಅಮಾವಾಸ್ಯೆಯ ಬೆಳಿಗ್ಗೆ ಅವ್ವ ದೊಡ್ಡ ಪಾತೇಲಿ ಇಟ್ಟಳು. ಸಜ್ಜೆ ರೊಟ್ಟಿಗೆ ಎಳ್ಳು ಒತ್ತುವ ವಾಸನೆ ಅಂಗಳದವರೆಗೆ ಬರುತ್ತಿತ್ತು. ಒಬ್ಬೊಬ್ಬರೇ ಬಂದು ಅವರೆ, ಮೆಂತೆ, ಉಳ್ಳಾಗಡ್ಡಿಯ ತಪ್ಪಲು, ಮೂಲಂಗಿ ಹಾಕಿದರು. ಚನ್ನಬಸಮ್ಮ ಸುಕ್ಕುಗಟ್ಟಿದ ಎರಡು ಬದನೆಕಾಯಿ ಹಾಕಿದರು. ಕೊನೆಗೆ ಹುಲಿಗೆವ್ವ ಬಂದಳು. ಸೆರಗಿನ ತುಂಬ ಪಾಲಕ. ಒಂದೂ ಎಲೆ ಬೀಳದಂತೆ ಇಳಿಸಿದಳು. ಪಾತೇಲಿ ತುಂಬಿ ಮೇಲೆ ಬಂತು.

ಎಲ್ಲರೂ ಚನ್ನಬಸಮ್ಮನವರ ಬಾಯಿ ನೋಡುತ್ತಿದ್ದರು.

"ಏನ್ ನೋಡ್ತೀರಿ?" ಎಂದರು ಅವರು. "ಈ ಸಲ ಉಪ್ಪು ಹಾಕವ್ರು ಯಾರೂ ಇಲ್ಲ. ನಾನ ಹಾಕ್ತೀನಿ." ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಹಾಕಿ ಸರಿದು ನಿಂತರು, ಹುಲಿಗೆವ್ವ ಎರಡು ವರ್ಷ ನಿಂತಿದ್ದ ಜಾಗದಲ್ಲೇ. ರುಚಿ ನೋಡಿದ ಅವ್ವ, ಪಾಲಕದಲ್ಲೇ ಉಪ್ಪಿದೆ, ಇನ್ನು ಹಾಕುವುದು ಬೇಡ ಎಂದಳು.

ಚರಗದ ಬುಟ್ಟಿ ತುಂಬಿಸಿದ ಅಯ್ಯನವರು ವಾಡಿಕೆಯಂತೆ ಚನ್ನಬಸಮ್ಮನವರ ಮುಂದೆ ಹಿಡಿದರು. ಅವರು ತೆಗೆದುಕೊಂಡರು. ಎರಡು ಹೆಜ್ಜೆ ಇಟ್ಟರು. ನಿಂತರು.

"ಹುಲಿಗೆವ್ವ, ಬಾ ಇಲ್ಲಿ. ಹಿಡಿ ಇದನ್ನ."

"ನಾನಾ? ನಾ ಹಡದಾಕಿ ಅಲ್ಲ ಯಕ್ಕಾ."

"ನನಗ ಮೊಣಕಾಲು ನೋಯ್ತದ ಅಂತ ಕೊಡಾಕತ್ತೀನಿ. ದೊಡ್ಡ ಮಾತು ಮಾಡಬ್ಯಾಡ. ಚೆಲ್ಲು ಹೋಗು." ಬುಟ್ಟಿಯನ್ನು ಅವಳ ಬಿರುಕುಬಿಟ್ಟ ಕೈಗಳಿಗೆ ಇಟ್ಟರು. ಇಟ್ಟ ಮೇಲೆ ತಮ್ಮ ಕೈಯನ್ನು ಕೂಡಲೇ ತೆಗೆಯಲಿಲ್ಲ.

ಹುಲಿಗೆವ್ವ ಹನ್ನೊಂದು ಮಡಿಗೂ ಚರಗ ಚೆಲ್ಲಿದಳು. ಬೇಲಿಯ ಜಾಲಿಗೂ ಒಂದು ತುತ್ತು ಹಾಕಿದಳು. ಅದಕ್ಕೇಕೆ ಎಂದು ಎಲ್ಲರೂ ನಕ್ಕರು. ನಗದವರು ನಾವು ಮೂವರು.

ಚನ್ನಬಸಮ್ಮನವರು ಬೆಳಗಿನ ಜಾವ ನಿಜವಾಗಿಯೂ ಮಲಗಿರುತ್ತಿದ್ದರೋ, ಎಚ್ಚರವಿದ್ದು ಕಣ್ಣು ಮುಚ್ಚಿರುತ್ತಿದ್ದರೋ, ನಾನು ಎಂದೂ ಕೇಳಲಿಲ್ಲ. ನನ್ನ ಬಾಯಿಗೆ ಬಂದೂ ಕೇಳದೆ ಉಳಿದ ಪ್ರಶ್ನೆ ಅದೊಂದೇ. ಆಣೆಯನ್ನು ಇಷ್ಟು ವರ್ಷ ಕಾಪಾಡಿದೆ. ಈಗ ತಲೆ ತಗ್ಗಿಸಬೇಕಾದವರು ಯಾರೂ ಉಳಿದಿಲ್ಲವೆಂದು ಬರೆಯುತ್ತಿದ್ದೇನೆ, ಹುಲಿಗೆವ್ವಾಯಿ ಒಪ್ಪಿಕೊಳ್ಳಲಿ.

ರಾಯಚೂರಿನಲ್ಲಿ ಈಗ ನಮ್ಮ ಮನೆಯ ಬಚ್ಚಲಿಗೆ ಬಿಳಿಯ ಹಾಸುಕಲ್ಲು ಇದೆ, ನಲ್ಲಿ ತಿರುವಿದರೆ ಬಿಸಿನೀರು. ಸಂಜೆ ದೀಪ ಹಚ್ಚಿ ಎಣಿಸುವಾಗ ಅದನ್ನೂ ಒಂದು ಬೆರಳಿಗೆ ಎಣಿಸುತ್ತೇನೆ. ಸಂತೆಯಿಂದ ತಂದ ಪಾಲಕ ಹಸಿರಾಗಿದೆ, ಯಾರ ಮಡಿಯದ್ದೆಂದು ಮಾರುವವನಿಗೂ ಗೊತ್ತಿಲ್ಲ. ಅದಕ್ಕೆ ಉಪ್ಪು ನಾನೇ ಹಾಕಬೇಕು. ಜಳಕದ ಕೊನೆಗೆ ಅರ್ಧ ಬಕೆಟ್ ನೀರು ಉಳಿಸುವ ಚಾಳಿ ಇನ್ನೂ ಬಿಟ್ಟಿಲ್ಲ. ಎತ್ತಿಕೊಂಡು ಹೊರಗೆ ಬರುತ್ತೇನೆ, ಮನೆಯ ಸುತ್ತ ಎಲ್ಲ ಕಡೆ ಸಿಮೆಂಟು. ಯಾರ ಕಾಲುವೆಯ ಕಡೆ ತಿರುಗಿಸಲಿ ಎಂದು ಸ್ವಲ್ಪ ಹೊತ್ತು ನಿಲ್ಲುತ್ತೇನೆ.